ಕೇಳದೆ ಕೊಡುವ ತಿದ್ದುಪಡಿ

ಮಾನ್ಯರೇ,

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕೈಯಿಂದ ಹಣ ಕಟ್ಟಿ ದುರ್ಯೋಧನನ ಪಾತ್ರ ಪಡೆದು, ಹಗಲು ಗದ್ದೆ, ರಾತ್ರಿ ತಾಲೀಮು ಎಂದು ತಿಂಗಳುಗಟ್ಟಲೆ ದುಡಿದ ರೈತ ತಾಳ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ತಾಲೀಮಿನಲ್ಲೇ ಗದರಿ ತಿದ್ದುತ್ತಾರೆ. ನಾಟಕದ ರಾತ್ರಿ ಮಾತ್ರ ಅದೇ ಮೇಷ್ಟ್ರು ಅವನ ತಪ್ಪನ್ನು ಮುಚ್ಚುವಂತೆ ನುಡಿಸುತ್ತಾರೆ. ನೆಂಟರು ಹಾರ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಅವನ ಜಗಲಿಗೆ ಹೋಗಿ ಕಂದಪದ್ಯದ ದೋಷ ಎಣಿಸುವವನನ್ನು ಊರು ರಸಿಕನೆಂದು ಕರೆಯುವುದಿಲ್ಲ.

ಫ್ಯಾನ್ ಫಿಕ್ಷನ್ ಎಂಬ ಬರವಣಿಗೆಯನ್ನು ನಾನು ಈ ದುರ್ಯೋಧನನ ಪಕ್ಕದಲ್ಲಿಟ್ಟು ನೋಡುತ್ತೇನೆ. ತಾವು ಮೆಚ್ಚಿದ ಕಾದಂಬರಿ, ಸಿನಿಮಾ, ಧಾರಾವಾಹಿಗಳ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ಹೆಣೆಯುವ ಕಥೆ ಅದು. ಇದ್ದ ಕಥೆಯನ್ನೇ ಮತ್ತೆ ಹೇಳುವ ಚಟ ನಮಗೇನೂ ಹೊಸದಲ್ಲ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದು ಕುಮಾರವ್ಯಾಸನೇ ನಕ್ಕಿದ್ದಾನೆ. 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಇಂಥ ಕಥೆಗಳ ಅಂತರ್ಜಾಲ ಭಂಡಾರಕ್ಕೆ 2019ರಲ್ಲಿ, ವೈಜ್ಞಾನಿಕ ಹಾಗೂ ಅದ್ಭುತ ಕಥಾಸಾಹಿತ್ಯಕ್ಕೆ ಮೀಸಲಾದ ಹ್ಯೂಗೋ ಪ್ರಶಸ್ತಿಯೂ ಸಂದಿತು. ಆದರೂ ಅದನ್ನು ನಡೆಸುವವರು ಸ್ವಯಂಸೇವಕರು, ಬರೆಯುವವರಿಗೆ ಸಂಭಾವನೆಯಿಲ್ಲ.

ವಿಮರ್ಶೆಯ ಧರ್ಮ ಬದಲಾಗುವುದು ಇಲ್ಲಿಯೇ. ಬೆಲೆ ಕೊಟ್ಟು ಪುಸ್ತಕ ಕೊಳ್ಳುವ ಓದುಗನನ್ನು ಎಚ್ಚರಿಸುವ ಹೊಣೆ ವಿಮರ್ಶಕನಿಗಿದೆ. ಕಚೇರಿಯಿಂದ ಬಂದು, ಮಕ್ಕಳನ್ನು ಮಲಗಿಸಿ, ರಾತ್ರಿ ಹನ್ನೊಂದಕ್ಕೆ ಸಂತೋಷಕ್ಕಾಗಿ ಬರೆದವರ ಕಥೆಯಲ್ಲಿ ಯಾರಿಗೂ ನಷ್ಟವಾಗಿಲ್ಲ. ಹಿಡಿಸದಿದ್ದರೆ ಓದುವುದನ್ನು ನಿಲ್ಲಿಸಿದರಾಯಿತು. ‘ತಿದ್ದದಿದ್ದರೆ ಅವರು ಬೆಳೆಯುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಬೆಳೆಯಬೇಕೆಂದು ಅವರು ಹೇಳಿದರೇ ಎಂಬುದು ನನ್ನ ಮರುಪ್ರಶ್ನೆ. ಹಾಗೆ ಹೇಳುವವರು ಪ್ರಕಟಿಸುವ ಮೊದಲೇ ಕರಡನ್ನು ನಂಬಿಕೆಯ ಒಬ್ಬರಿಗೆ ಕೊಡುತ್ತಾರೆ. ಸಾಫ್ಟ್‌ವೇರ್ ಪರೀಕ್ಷೆಯಿಂದ ಬಂದ ಮಾತಿನಲ್ಲಿ ಅಂಥವರಿಗೆ ‘ಬೀಟಾ ರೀಡರ್’ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅವರೇ ಹಾರ್ಮೋನಿಯಂ ಮೇಷ್ಟ್ರು.

ಇದನ್ನು ನಾನು ಸುಲಭವಾಗಿ ಕಲಿಯಲಿಲ್ಲ. ಪರಿಚಯದ ಹುಡುಗಿಯೊಬ್ಬಳು ಒಂದು ಧಾರಾವಾಹಿಯ ಅತ್ತೆ ಸೊಸೆಯರನ್ನು ಗೆಳತಿಯರನ್ನಾಗಿಸಿ ಬರೆಯುತ್ತಿದ್ದ ಕಥೆಗೆ, ಅವಳು ಕೇಳದಿದ್ದರೂ, ನಿರೂಪಣೆಯ ಸಡಿಲತೆಯ ಕುರಿತು ಎರಡು ಪುಟ ಬರೆದು ಕಳುಹಿಸಿದೆ. ನನ್ನ ಮಾತುಗಳೆಲ್ಲ ಸರಿಯಾಗಿಯೇ ಇದ್ದವೆಂದು ಈಗಲೂ ನಂಬಿದ್ದೇನೆ. ಅವಳು ‘ಧನ್ಯವಾದ ಸರ್’ ಎಂದಳು, ಮುಂದಿನ ಕಂತು ಬರಲಿಲ್ಲ.

ಹಾಗೆಂದು ಹೊಗಳಿಕೆಯ ಹೊರತು ಬೇರೆ ಮಾತೇ ಕೂಡದೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಮತ್ತೊಬ್ಬರ ಬರಹವನ್ನು ಕದ್ದಿದ್ದರೆ, ಒಂದು ಜನವರ್ಗವನ್ನು ಹೀನಾಯವಾಗಿ ಚಿತ್ರಿಸಿದ್ದರೆ ಹೇಳಲೇಬೇಕು, ಮೊದಲು ಖಾಸಗಿಯಾಗಿ. ಉಳಿದದ್ದಕ್ಕೆ ಅಪ್ಪಣೆ ಕೇಳುವುದು ಲೇಸು. ಕಳೆದ ದಸರೆಯಲ್ಲಿ ಓದಿದ ಕಥೆಯೊಂದರಲ್ಲಿ ಜಂಬೂಸವಾರಿ ವಿಜಯದಶಮಿಯ ಬದಲು ಮಹಾನವಮಿಯ ದಿನವೇ ಹೊರಟುಬಿಟ್ಟಿತ್ತು. ಮೈಸೂರಿನವನಾದ ನನ್ನ ಕೈ ತುರಿಸಿತೆಂದು ಬೇರೆ ಹೇಳಬೇಕಿಲ್ಲ. ಕಥೆಯಲ್ಲಿ ನನಗೆ ಹಿಡಿಸಿದ ಭಾಗವನ್ನು ತಿಳಿಸಿ, ‘ಒಂದು ಸಣ್ಣ ವಿವರವಿದೆ, ಹೇಳಬಹುದೇ?’ ಎಂದಷ್ಟೇ ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ಆ ಕಥೆಯಲ್ಲಿ ಆನೆ ಈಗಲೂ ನವಮಿಯ ದಿನವೇ ಅಂಬಾರಿ ಹೊತ್ತು ಹೊರಡುತ್ತಿದೆ.