ಅಂಟಾರ್ಕ್ಟಿಕದಲ್ಲೇ ಅಚ್ಚಾದ ಪುಸ್ತಕ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಹಳೆಯ ಪುಸ್ತಕದ ವಿಚಾರ ಹೇಳುತ್ತೇನೆ. ಹೆಸರು ‘ಅರೋರಾ ಆಸ್ಟ್ರಾಲಿಸ್’. ಅದನ್ನು ಬರೆದದ್ದು, ಚಿತ್ರ ಬಿಡಿಸಿದ್ದು, ಅಚ್ಚು ಹಾಕಿದ್ದು, ರಟ್ಟು ಕಟ್ಟಿದ್ದು ಎಲ್ಲವೂ ಅಂಟಾರ್ಕ್ಟಿಕದಲ್ಲೇ. ಹಾಗೆ ಹುಟ್ಟಿದ ಮೊದಲ ಪುಸ್ತಕ ಇದು.

1908ರ ಚಳಿಗಾಲ. ಬ್ರಿಟಿಷ್ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್ ಮತ್ತು ಸಂಗಡಿಗರು, ಒಟ್ಟು 15 ಜನ, ಕೇಪ್ ರಾಯ್ಡ್ಸ್ ಎಂಬಲ್ಲಿ ಒಂದೇ ಮರದ ಮನೆಯಲ್ಲಿದ್ದರು. ತಿಂಗಳುಗಟ್ಟಲೆ ಸೂರ್ಯ ಮೂಡುವುದಿಲ್ಲ. ಒಳಗೆ ಜಾಗ ಇಕ್ಕಟ್ಟು. ಹಾಗೆ ಸುಮ್ನೆ ಕೂತವರ ಮನಸ್ಸು ಬೇಗ ಕೆಡುತ್ತದೆ, ಅಲ್ವಾ? ಹಿಂದೆ ಇನ್ನೊಬ್ಬ ಅನ್ವೇಷಕ ಸ್ಕಾಟ್ ಜೊತೆ ಇಲ್ಲಿಗೆ ಬಂದಿದ್ದ ಶಾಕಲ್ಟನ್‌ಗೆ ಇದು ಗೊತ್ತಿತ್ತು. ಅದಕ್ಕೇ ಈ ಸಲ ಮುದ್ರಣ ಯಂತ್ರವನ್ನೇ ಹಡಗಿನಲ್ಲಿ ತಂದಿದ್ದರು. ಯಂತ್ರ, ಕಾಗದ ಕೊಟ್ಟದ್ದು ಕಾಸ್ಟನ್ ಎಂಬ ಇಂಗ್ಲೆಂಡಿನ ಮುದ್ರಣ ಸಂಸ್ಥೆ. ತಂಡದ ಫ್ರಾಂಕ್ ವೈಲ್ಡ್ ಮತ್ತು ಅರ್ನೆಸ್ಟ್ ಜಾಯ್ಸ್ ಹೊರಡುವ ಮೊದಲೇ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುವುದನ್ನು ಕಲಿತಿದ್ದರು. ಇಬ್ಬರೂ ಮೂಲತಃ ನೌಕಾಪಡೆಯವರು.

ಕಲಿತದ್ದು ಸ್ವಲ್ಪ, ಚಳಿ ವಿಪರೀತ. ಶಾಯಿ ಗಟ್ಟಿಯಾಗಿಬಿಡುತ್ತಿತ್ತು. ಶಾಯಿಯ ತಟ್ಟೆಯ ಕೆಳಗೆ ಮೇಣದಬತ್ತಿ ಹಚ್ಚಿಟ್ಟರು. ಮೊಳೆಗಳ ಕೆಳಗೆ ದೀಪ ಇಟ್ಟರು. ಒಂದು ಪುಟ ಜೋಡಿಸಿ, ತಪ್ಪು ತಿದ್ದಿ, ಅಚ್ಚು ತೆಗೆದಾದ ಮೇಲೆ ಆ ಮೊಳೆಗಳನ್ನೆಲ್ಲ ಬಿಡಿಸಿ ಮತ್ತೆ ಆಯಾ ಗೂಡಿಗೆ ಹಾಕಬೇಕು. ನಮ್ಮ ಹಳೆಯ ಅಚ್ಚುಕೂಟಗಳಲ್ಲಿ ದುಡಿದವರಿಗೆ ಈ ಕೆಲಸದ ಬೇಸರ ಚೆನ್ನಾಗಿ ಗೊತ್ತು. ಎರಡು ಮೂರು ವಾರ ಒದ್ದಾಡಿದ ಮೇಲೆ ಕೈ ಕುದುರಿತು. ಆಗ ದಿನಕ್ಕೆ ಎರಡು ಪುಟ. ಜಾರ್ಜ್ ಮಾರ್ಸ್ಟನ್ ಚಿತ್ರಗಳನ್ನು ಅಲ್ಯೂಮಿನಿಯಂ ತಗಡಿನಿಂದ ಮುದ್ರಿಸಿದರು.

ಒಳಗೆ ಏನೇನಿದೆ? ಎರೆಬಸ್ ಜ್ವಾಲಾಮುಖಿಯನ್ನು ಅದೇ ವರ್ಷದ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಹತ್ತಿದ ವರದಿಯನ್ನು ಭೂವಿಜ್ಞಾನಿ ಎಡ್ಜ್‌ವರ್ತ್ ಡೇವಿಡ್ ಬರೆದಿದ್ದಾರೆ. ‘ನೀಮೋ’ ಎಂಬ ಹೆಸರಲ್ಲಿ ಶಾಕಲ್ಟನ್ ಅವರ ಪದ್ಯವಿದೆ. ನನಗೆ ಜಾಸ್ತಿ ಇಷ್ಟವಾಗುವುದು ಡಗ್ಲಸ್ ಮಾಸನ್ ಬರೆದ ‘ಬ್ಯಾಥಿಬಿಯಾ’. ಅದೊಂದು ಕನಸಿನ ಕಥೆ. ದಕ್ಷಿಣ ಧ್ರುವದ ಕಡೆ ಹೋದವರು ಆಳವಾದ ಕುಳಿಯೊಂದಕ್ಕೆ ಇಳಿಯುತ್ತಾರೆ. ಅಲ್ಲಿ ಬೆಚ್ಚಗಿನ ನಾಡು, ದೈತ್ಯ ಅಣಬೆಗಳು, ದೈತ್ಯ ಹುಳುಗಳು! ಕಟ್ಟುನಿಟ್ಟಿನ ವಿಜ್ಞಾನಿ ಮಾಸನ್. ಹೊರಗೆ ಕೊರೆಯುವ ಕತ್ತಲಿದ್ದಾಗ ಅವರ ತಲೆಯಲ್ಲಿ ಹುಟ್ಟಿದ್ದು ಬೆಚ್ಚನೆಯ ಊರು. ಆ ಮನೆಯವರ ಬಯಕೆ ಏನಿತ್ತು ಅನ್ನುವುದನ್ನು ಯಾವ ದಿನಚರಿಗಿಂತಲೂ ಈ ಕಥೆ ಚೆನ್ನಾಗಿ ಹೇಳುತ್ತದೆ ಅಂತ ನನಗನಿಸುತ್ತದೆ.

ಇನ್ನು ರಟ್ಟು. ಅದನ್ನು ಮಾಡಿದ್ದು ಮೋಟಾರು ಮೆಕ್ಯಾನಿಕ್ ಬರ್ನಾರ್ಡ್ ಡೇ. ದಿನಸಿ ಬಂದಿದ್ದ ಪ್ಲೈವುಡ್ ಪೆಟ್ಟಿಗೆಗಳನ್ನು ಬಿಚ್ಚಿ, ಹಲಗೆಗಳನ್ನು ತೊಳೆದು, ಉಜ್ಜಿ, ಹೊಳಪು ಕೊಟ್ಟರು. ಬೆನ್ನಿಗೆ ಚರ್ಮ ಹಾಕಿದರು. ಆದರೆ ಪೆಟ್ಟಿಗೆಯ ಮೇಲಿದ್ದ ಅಕ್ಷರಗಳನ್ನು ಹಲವು ಪ್ರತಿಗಳಲ್ಲಿ ಹಾಗೇ ಬಿಟ್ಟರು. ರಟ್ಟು ತೆರೆದರೆ ಒಳಮೈಯಲ್ಲಿ ಒಂದರಲ್ಲಿ ‘ಬೆಣ್ಣೆ’, ಇನ್ನೊಂದರಲ್ಲಿ ‘ಬೀನ್ಸ್’ ಎಂದಿರುತ್ತದೆ. ಮುದ್ರಿಸಿದ್ದು ಹೆಚ್ಚೆಂದರೆ ನೂರು ಪ್ರತಿ. ಅವಕ್ಕೆ ಕ್ರಮಸಂಖ್ಯೆ ಇಲ್ಲ. ಹಾಗಾಗಿ ಹಳೆಯ ಪುಸ್ತಕ ಸಂಗ್ರಹಿಸುವವರು ಇವತ್ತಿಗೂ ‘ಬೆಣ್ಣೆ ಪ್ರತಿ’, ‘ಬೀನ್ಸ್ ಪ್ರತಿ’ ಅಂತಲೇ ಗುರುತು ಹಿಡಿಯುತ್ತಾರೆ. ಚಿನ್ನದ ಅಕ್ಷರದ ಎಷ್ಟೋ ರಟ್ಟುಗಳಿಗಿಂತ ನನಗೆ ಈ ದಿನಸಿ ಪೆಟ್ಟಿಗೆಯ ರಟ್ಟೇ ಹೆಚ್ಚು.

ನಮಸ್ಕಾರ.