ಸುತ್ತಿಗೆ ಹಿಡಿದ ಡಾನ್ ಪೆಪೆ

ಎಲ್ಲರಿಗೂ ನಮಸ್ಕಾರ. ಇವತ್ತು ಡಿಸೆಂಬರ್ 1. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಇದು ಸೈನ್ಯ ರದ್ದಾದ ದಿನ. ಅದನ್ನು ರದ್ದು ಮಾಡಿದ ನಾಯಕ ಹೊಸೆ ಫಿಗೆರೆಸ್ ಬಗ್ಗೆ ಇವತ್ತೇ ಮಾತಾಡಬೇಕು ಅಂತ ಹಟ ಹಿಡಿದದ್ದು ಅದಕ್ಕೇ. ಅಲ್ಲಿಯ ಜನ ಅವರನ್ನು ಡಾನ್ ಪೆಪೆ ಅನ್ನುತ್ತಾರೆ. ಸಿನಿಮಾದ ಡಾನ್ ಅಲ್ಲ, ನಗಬೇಡಿ! ಅಲ್ಲಿ ಅದು ಹಿರಿಯರ ಹೆಸರಿಗೆ ಸೇರಿಸುವ ಗೌರವದ ಮಾತು.

ಅವರು ಮೊದಲು ರೈತರು. ಬೆಟ್ಟದ ಜಮೀನಿನಲ್ಲಿ ನಮ್ಮ ಕತ್ತಾಳೆಯಂಥ ಗಿಡ ಬೆಳೆಸಿ, ನಾರು ತೆಗೆದು, ಹಗ್ಗ, ಚೀಲ ಮಾಡಿಸುತ್ತಿದ್ದರು. ತೋಟದ ಹೆಸರು 'ಲಾ ಲೂಚಾ ಸಿನ್ ಫಿನ್', ಅಂದರೆ ಮುಗಿಯದ ಹೋರಾಟ. 1942ರಲ್ಲಿ ರೇಡಿಯೊದಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಪೊಲೀಸರು ಬಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಮೆಕ್ಸಿಕೊಗೆ ಗಡೀಪಾರು.

1948ರಲ್ಲಿ ವಿರೋಧ ಪಕ್ಷದ ಒಟಿಲಿಯೊ ಉಲಾಟೆ ಗೆದ್ದ ಚುನಾವಣೆಯನ್ನು ಸಂಸತ್ತು ರದ್ದು ಮಾಡಿತು. ಡಾನ್ ಪೆಪೆ ತಮ್ಮ ತೋಟದಿಂದಲೇ ಬಂಡೆದ್ದರು. 44 ದಿನದ ಅಂತರ್ಯುದ್ಧ. ಸತ್ತವರು ಕಡಿಮೆ ಅಲ್ಲ. ಗೆದ್ದವರು ಇವರು.

ಈಗ ನನ್ನ ಇಷ್ಟದ ಕತೆಗೆ ಬರುತ್ತೇನೆ. ಸ್ವಲ್ಪ ಉದ್ದ ಆದರೂ ಕೇಳಿ. ರಾಜಧಾನಿ ಸಾನ್ ಹೊಸೆಯಲ್ಲಿ ಬೆಲ್ಯಾವಿಸ್ತಾ ಅಂತ ಒಂದು ಸೇನಾ ಕೋಟೆ. ಗೋಡೆಯಲ್ಲಿ ಗುಂಡಿನ ತೂತುಗಳು. ಅವು ಇವತ್ತಿಗೂ ಇವೆ. ಅದೇ ವರ್ಷ ಡಿಸೆಂಬರ್ 1ರಂದು ಈ ಕುಳ್ಳ ಮನುಷ್ಯ ದೊಡ್ಡ ಸುತ್ತಿಗೆ ಎತ್ತಿ ಆ ಕೋಟೆಯ ಗೋಡೆಗೆ ಹೊಡೆದರು. ಸೈನ್ಯ ಇನ್ನಿಲ್ಲ ಅಂತ ಘೋಷಿಸಿದರು. ಕೋಟೆಯ ಬೀಗದಕೈ ಹೋದದ್ದು ಶಿಕ್ಷಣ ಮಂತ್ರಿಗೆ. ಈಗ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯ. ಸೋತವರ ಕೈಯಿಂದ ಬಂದೂಕು ಕಿತ್ತುಕೊಳ್ಳುವುದು ಸುಲಭ. ಇವರು ಗೆದ್ದವರು, ಆಗ ಅಧಿಕಾರವೂ ಇವರದೇ. ಆದರೂ ಸೈನ್ಯ ಬೇಡ ಅಂದರು. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಮುಂದೆ ತಮ್ಮ ಮೇಲೇ ದಂಗೆ ಏಳಬಾರದು ಅನ್ನುವ ಲೆಕ್ಕವೂ ಇತ್ತು ಅನ್ನುತ್ತಾರೆ. ಇದ್ದಿರಲಿ. 1949ರ ಏಪ್ರಿಲ್‌ನಲ್ಲಿ ಅವರದೇ ಭದ್ರತಾ ಮಂತ್ರಿ ದಂಗೆ ಎದ್ದರು, ಅಲ್ವಾ? ಆಗಲೂ ಡಾನ್ ಪೆಪೆ ಮಾತು ಬದಲಿಸಲಿಲ್ಲ. ಸೈನ್ಯ ಇಲ್ಲ ಅನ್ನುವುದನ್ನು ಹೊಸ ಸಂವಿಧಾನದ 12ನೇ ವಿಧಿಯಲ್ಲೇ ಬರೆದದ್ದಾಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಧಿಕಾರವನ್ನು ಉಲಾಟೆ ಕೈಗೆ ಕೊಟ್ಟು ಹೊರಟರು. ಸೈನ್ಯ ಬಿಡುವುದಕ್ಕಿಂತ ಕುರ್ಚಿ ಬಿಡುವುದು ಕಷ್ಟ, ನನ್ನ ಪ್ರಕಾರ. ಅವರದು ತಪ್ಪೇ ಇಲ್ಲ ಅಂತ ಹೇಳಲಾರೆ. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ್ದು ಅದೇ ಆಡಳಿತ. ಅದನ್ನು ಮುಚ್ಚಿಡಬಾರದು.

ಸೈನ್ಯ ಇಲ್ಲದಿದ್ದರೆ ಶತ್ರು ನುಗ್ಗಿದಾಗ ಏನು ಗತಿ ಅಂತ ಕೇಳುತ್ತೀರಿ. ನುಗ್ಗಿದರು. 1955ರಲ್ಲಿ, ಡಾನ್ ಪೆಪೆ ಚುನಾವಣೆ ಗೆದ್ದು ಅಧ್ಯಕ್ಷರಾಗಿದ್ದಾಗ, ನೆರೆಯ ನಿಕರಾಗುವಾದ ಸರ್ವಾಧಿಕಾರಿ ಸೊಮೋಸಾ ಬೆಂಬಲದಿಂದ. ಉತ್ತರ, ದಕ್ಷಿಣ ಅಮೆರಿಕ ಖಂಡಗಳ ದೇಶಗಳ ಸಂಘಟನೆ ನೆರವಿಗೆ ಬಂತು. ಅಮೆರಿಕ ನಾಲ್ಕು ಯುದ್ಧವಿಮಾನ ಕೊಟ್ಟಿತು, ಒಂದಕ್ಕೆ ಒಂದು ಡಾಲರ್! ದಾಳಿ ನಿಂತಿತು.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಬ್ಯಾಂಕುಗಳ ರಾಷ್ಟ್ರೀಕರಣ, ಹೆಣ್ಣುಮಕ್ಕಳಿಗೆ ಸಿಕ್ಕ ಮತದ ಹಕ್ಕು, ಇವೆರಡಕ್ಕೂ ಒಂದೊಂದು ಗಂಟೆ ಬೇಕಿತ್ತು. 1958ರಲ್ಲಿ ತಮ್ಮ ಪಕ್ಷ ಸೋತಾಗ ವಿರೋಧಿಗಳಿಗೆ ಸುಮ್ನೆ ಅಧಿಕಾರ ಬಿಟ್ಟುಕೊಟ್ಟರು. 1970ರಲ್ಲಿ ಮತ್ತೆ ಅಧ್ಯಕ್ಷರಾಗಿ ಬಂದಾಗ ಅವರ ಸರ್ಕಾರ ರಾಷ್ಟ್ರೀಯ ವಾದ್ಯವೃಂದವನ್ನು ಹೊಸದಾಗಿ ಕಟ್ಟಿ, ಮಕ್ಕಳ ಕೈಗೆ ವಯಲಿನ್ ಕೊಟ್ಟು ಕಲಿಸಿತು. ಆ ವಯಲಿನ್ ಕತೆ ಯಾರಿಗೆ ಬೇಕೋ ಅವರು ಹೊರಗೆ ಚಹಾ ಕುಡಿಯುವಾಗ ಹತ್ತಿರ ಬನ್ನಿ.