ಆಫೀಸ್ ರೂಮಿನ ಗೋಡೆಗೆ ಹಸೆ ಚಿತ್ತಾರ, ಫ್ರೇಮ್ ಅಂಗಡಿಯವರ ಕಟರ್

ವಿಡಿಯೋದಲ್ಲಿ ಗೋಡೆ ಒರೆಸುವುದನ್ನು ಸ್ಪೀಡ್ ಮಾಡಿ ಹಾಕಿದ್ದೇನೆ. ಅದು ಓಡುತ್ತಿರಲಿ, ಅಷ್ಟರಲ್ಲಿ ಗೋಡೆಗೆ ಈ ಹಸೆ ಚಿತ್ತಾರವನ್ನೇ ಯಾಕೆ ತಂದಿದ್ದೇನೆ ಅಂತ ಹೇಳಿಬಿಡುತ್ತೇನೆ.

ಇದು ನಮ್ಮ ಮನೆಯ ಸಣ್ಣ ರೂಮು, ನನ್ನ ಆಫೀಸ್. ಬೆಳಗ್ಗೆಯಿಂದ ಸಂಜೆವರೆಗೂ ಇಲ್ಲೇ ಕೂರುತ್ತೇನೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಬರುವುದೆಲ್ಲ ಬೋಧನೆಯ ಪೋಸ್ಟರ್‌ಗಳು. ದುಡಿ, ನಿಲ್ಲಬೇಡ, ಗೆಲ್ಲು. ನನಗೆ ಅವು ಬೇಡವೇ ಬೇಡ. ದಿನವಿಡೀ ಮೇಲ್ ನೋಡಿ ತಲೆ ಎತ್ತಿದರೆ ಗೋಡೆಯೂ ಅದನ್ನೇ ಹೇಳಬೇಕಾ? ಮೈಸೂರು ಶೈಲಿಯ ಚಿತ್ರ ತರೋಣ ಅಂತ ಆಸೆ ಇತ್ತು. ತಂಜಾವೂರಿನ ಚಿತ್ರದಷ್ಟು ಉಬ್ಬು ಇರುವುದಿಲ್ಲ, ಚಿನ್ನದ ರೇಕಿನ ಕೆಲಸ ಬಹಳ ಹದವಾಗಿರುತ್ತದೆ. ಆದರೆ ಅದರಲ್ಲಿ ಹೆಚ್ಚಾಗಿ ದೇವರೇ ಇರುವುದು. ದೇವರ ಪಟದ ಮುಂದೆ ಕೂತು ಊಟ ಮಾಡುತ್ತಾ ಕಾಲ್‌ನಲ್ಲಿ ಮಾತಾಡಲು ನನಗೆ ಮನಸ್ಸಿಲ್ಲ. ಅದು ಹಾಲ್‌ಗೇ ಸರಿ.

ಹಾಗಾಗಿ ಇದು. ಚಿತ್ರಸಂತೆಯಲ್ಲಿ ತಂದದ್ದು. ಬೆಂಗಳೂರಿನಲ್ಲಿ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುತ್ತಾರಲ್ಲ, ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ ಇರುತ್ತವೆ. ಶುರುವಾಗಿ ಇಪ್ಪತ್ತು ವರ್ಷ ದಾಟಿದೆ. ಹೋಗದವರು ಒಂದು ಸಲ ಹೋಗಿ ಬನ್ನಿ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮಾರುತ್ತಿದ್ದ ಅಕ್ಕ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು. ಅಲ್ಲಿ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನೇ ಕಾಗದದ ಮೇಲೆ ಬರೆದಿದ್ದಾರೆ. ಹೊಲಕ್ಕೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಬಂದರೆ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತಾರೆ, ಅದೇ ಭೂಮಣ್ಣಿ ಬುಟ್ಟಿ.

ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ, ಫೋಕಸ್ ಆಗಲಿ. ಹಿಂದೆ ಕಾಣುವ ಕೆಂಪು ಕೆಮ್ಮಣ್ಣು. ಬಿಳಿ ಗೆರೆ ನೆನೆಸಿದ ಅಕ್ಕಿ ಅರೆದ ಹಿಟ್ಟು. ಕಪ್ಪು, ಅಕ್ಕಿಯನ್ನು ಕರಿಯಾಗುವ ತನಕ ಹುರಿದು ಮಾಡಿದ್ದು. ಬ್ರಷ್ ಅಂದರೆ ಪುಂಡಿ ಗಿಡದ ನಾರು. ಈ ಗೆರೆ ನೋಡಿ, ಶುರುವಿನಲ್ಲಿ ಸ್ವಲ್ಪ ದಪ್ಪ, ಹೋಗ್ತಾ ಹೋಗ್ತಾ ತೆಳು. ನಾರಿನಲ್ಲಿ ಹಿಟ್ಟು ಮುಗಿಯುತ್ತಾ ಬಂದ ಜಾಗ ಅದು. ಪ್ರಿಂಟ್‌ನಲ್ಲಿ ಇದು ಸಿಗುವುದಿಲ್ಲ.

ಈಗ ನನ್ನ ಹೊಟ್ಟೆ ಉರಿಸಿದ ವಿಷಯ. ಚಿತ್ರಕ್ಕೆ ಕೊಟ್ಟದ್ದು 1,800 ರೂಪಾಯಿ, ಫ್ರೇಮ್‌ಗೆ 2,300. ಬೆಲೆಗೆ ನಾನು ಬೇಜಾರು ಮಾಡಿಕೊಂಡಿಲ್ಲ, ಮರ, ಮೌಂಟ್ (ಚಿತ್ರದ ಸುತ್ತ, ಗ್ಲಾಸಿನ ಕೆಳಗೆ ಇಡುವ ದಪ್ಪ ರಟ್ಟು), ಗ್ಲಾಸ್, ಕೂಲಿ ಎಲ್ಲ ಸೇರಿ ಅಷ್ಟಾಗುತ್ತದೆ. ಆದರೆ ಅಂಗಡಿಯಲ್ಲಿ ಕೊಡುವಾಗಲೇ ಹೇಳಿದ್ದೆ: ಚಿತ್ರವನ್ನು ಕತ್ತರಿಸಬೇಡಿ, ಸುತ್ತಲಿನ ಎಳೆಗಳು, ಅಂದರೆ ಅಂಚಿನ ಗೆರೆಗಳು, ಪೂರ್ತಿ ಕಾಣಬೇಕು. ಸ್ಲಿಪ್‌ನಲ್ಲೂ ಬರೆಸಿದ್ದೆ. ತರಲು ಹೋದರೆ ಎಡಗಡೆಯ ಹೊರಗಿನ ಎಳೆಯೇ ಇಲ್ಲ! ಅರ್ಧ ಇಂಚು ಕಟರ್‌ನಲ್ಲಿ ಹಾರಿಸಿದ್ದಾರೆ. "ರೆಡಿ ಸೈಜಿಗೆ ಹೊಂದಿಸಿದೆ ಮೇಡಂ, ಗೋಡೆಗೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ." ನನಗೆ ಗೊತ್ತಾಗುತ್ತದಲ್ಲ! ಎದುರಿಗೇ ಕೂರುವವಳು ನಾನು. ಆ ಅಕ್ಕ ಚಿತ್ರದ ಒಳಗೆ ಬರೆದ ಮಂಟಪಕ್ಕೆ ಎಷ್ಟು ಗಮನ ಕೊಟ್ಟಿದ್ದಾರೋ ಅಂಚಿಗೂ ಅಷ್ಟೇ ಕೊಟ್ಟಿದ್ದಾರೆ. ಮೂರು ಕಡೆ ಎಳೆ ಇದ್ದು ಒಂದು ಕಡೆ ಇಲ್ಲ ಅಂದರೆ ಚಿತ್ತಾರ ಸೋರಿಹೋದ ಹಾಗೆ ಕಾಣುತ್ತದೆ. ಕತ್ತರಿಸಿದ ತುಂಡು ಕೇಳಿದೆ, ಕಸಕ್ಕೆ ಹೋಗಿತ್ತು. ಕೂಲಿ ಬಿಟ್ಟರು. ದುಡ್ಡು ವಾಪಸ್ ಬಂತು, ಎಳೆ ಬರುವುದಿಲ್ಲ.

ಕೈಯಲ್ಲಿ ಬರೆದ ಚಿತ್ರ ಕೊಡುವ ಮುಂಚೆ ಉದ್ದ ಅಗಲ ಅಳೆದು ಸ್ಲಿಪ್‌ನಲ್ಲಿ ಬರೆಸಿ, ಫೋಟೋ ತೆಗೆದಿಡಿ. ಮೌಂಟ್ ಬೇಕೇ ಬೇಕು ಅನ್ನಿ. ಅದಿಲ್ಲದಿದ್ದರೆ ಗ್ಲಾಸು ಬಣ್ಣಕ್ಕೆ ತಾಗುತ್ತದೆ, ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಗ್ಲಾಸೇ ಬೇಡ ಅಂತ ನಾನು ಹೇಳುತ್ತಿದ್ದೆ, ಲೈಟ್ ಹೊಳೆಯುತ್ತದೆ ಅಂತ. ಈಗ ಆ ಮಾತು ಬಿಟ್ಟೆ. ನಮ್ಮ ರಸ್ತೆಯ ಧೂಳಿಗೆ ಗ್ಲಾಸ್ ಇರಲೇಬೇಕು.

ಹಾಂ, ಡ್ರಿಲ್ ಶಾಟ್ ಬಂತು. ಓನರ್ ಆಂಟಿಯನ್ನು ಕೇಳಿಯೇ ತೂತು ಹಾಕುತ್ತಿರುವುದು. ಪಡುವಣ ಕಿಟಕಿಯ ಎದುರಿನ ಗೋಡೆ ಬಿಟ್ಟುಬಿಟ್ಟೆ, ಸಂಜೆ ಬಿಸಿಲು ನೇರ ಬೀಳುತ್ತದೆ, ಬಣ್ಣ ಮಾಸುತ್ತದೆ. ಕುರ್ಚಿಯ ಹಿಂದೆ ಹಾಕಿದರೆ ವಿಡಿಯೋ ಕಾಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ತಮ್ಮ ಹೇಳಿದ. ಚೆನ್ನಾಗಿಯೇ ಕಾಣುತ್ತದೆ, ಆದರೆ ನೋಡುವವರು ಅವರು. ನನಗೆ ಎದುರಿಗೇ ಬೇಕು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚಿಗೆ ಬರುವಂತೆ ಹಾಕುತ್ತಾರೆ. ಅದು ನಿಂತು ನೋಡುವವರ ಲೆಕ್ಕ. ನಾನು ಕೂತು ನೋಡುವವಳು, ಅದಕ್ಕೇ ತಗ್ಗಿಸಿದ್ದೇನೆ. ಮಾನಿಟರ್‌ನ ಮೇಲಂಚಿಗೂ ಫ್ರೇಮಿಗೂ ನಡುವೆ ಒಂದು ಗೇಣು ಇದೆ.

ಪಕ್ಕದ ಗೋಡೆ ಖಾಲಿಯೇ ಇರಲಿ ಅಂದುಕೊಂಡಿದ್ದೆ. ಈಗ ನೋಡಿದರೆ ಅಲ್ಲಿ ಒಂದು ಭೂಮಣ್ಣಿ ಬುಟ್ಟಿ ತೂಗುಹಾಕಬಹುದು ಅನ್ನಿಸುತ್ತಿದೆ. ಸಾಗರದ ಕಡೆ ಯಾರು ಮಾಡಿಕೊಡುತ್ತಾರೆ ಅಂತ ಗೊತ್ತಿದ್ದರೆ ಹೇಳಿ. ಕತ್ತರಿಸದೆ ಫ್ರೇಮ್ ಹಾಕುವ ಅಂಗಡಿ ಗೊತ್ತಿದ್ದರೆ ಅದನ್ನು ಮೊದಲು ಹೇಳಿ.